ಗುಂಡು ಚಿಕ್ಕದಾದರೆ ಸಾವು ಕಡಿಮೆ ಆಗುತ್ತಾ?

ರಜೆಗೆ ಊರಿಗೆ ಬಂದಾಗಲೆಲ್ಲ ಈ ಮಾತು ಒಂದು ಸಲವಾದರೂ ಬರುತ್ತದೆ. ಅಮೆರಿಕದ ಯಾವುದೋ ಊರಲ್ಲಿ ಗುಂಡು ಹಾರಿದ ಸುದ್ದಿ ಟಿವಿಯಲ್ಲಿ ಬಂದಿರುತ್ತದೆ. ಚಿಕ್ಕಪ್ಪನೋ, ಪಕ್ಕದ ಮನೆಯವರೋ ಕೇಳುತ್ತಾರೆ: "ಅಲ್ಲಮ್ಮಾ, ಕೊಲ್ಲಲೇಬೇಕು ಅಂತ ಹೊರಟವನಿಗೆ ಯಾವ ಪಿಸ್ತೂಲಾದರೇನು? ಚಿಕ್ಕದಾದರೂ ಕೊಲ್ಲುತ್ತಾನೆ, ದೊಡ್ಡದಾದರೂ ಕೊಲ್ಲುತ್ತಾನೆ. ನೀವು ಕ್ಯಾಲಿಬರ್ ಅಂತ ಏನು ಲೆಕ್ಕ ಹಾಕ್ತೀರಿ?"

ನನ್ನ ಕೆಲಸ ಆಸ್ಪತ್ರೆಯ ದಾಖಲೆ ಇಟ್ಟುಕೊಂಡು ಗಾಯ, ಸಾವುಗಳ ಲೆಕ್ಕ ಮಾಡುವುದು. ಅದಕ್ಕೇ ನನ್ನನ್ನು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಉತ್ತರಿಸುವಾಗ ಅರ್ಧ ಮಾತು ಉಳಿದುಹೋಗುತ್ತದೆ. ಈ ಸಲ ಪೂರ್ತಿ ಬರೆದಿಡುತ್ತೇನೆ.

ಚಿಕ್ಕ ಉತ್ತರ ಇಷ್ಟು. ಕ್ಯಾಲಿಬರ್‌ನಿಂದ ಜಗಳ ಹೆಚ್ಚಾಗುವುದಿಲ್ಲ, ದರೋಡೆ ಕಡಿಮೆಯಾಗುವುದಿಲ್ಲ. ಆದರೆ ಗುಂಡು ತಗಲಿದವರಲ್ಲಿ ಎಷ್ಟು ಜನ ಸಾಯುತ್ತಾರೆ ಅನ್ನುವುದು ಅದರಿಂದ ಬದಲಾಗುತ್ತದೆ. ಅದೂ ಸ್ವಲ್ಪ ಅಲ್ಲ, ಬಹಳ.

ಕ್ಯಾಲಿಬರ್ ಅಂದರೆ ಗುಂಡಿನ, ಅದು ಹಾದು ಬರುವ ನಳಿಗೆಯ ಅಡ್ಡಳತೆ. .22 ಅಂದರೆ ಇಂಚಿನ ನೂರರಲ್ಲಿ 22 ಪಾಲು, ಸುಮಾರು 5.6 ಮಿ.ಮೀ. ತೂಕದಲ್ಲಿ ನೋಡಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಾಮಾನ್ಯವಾಗಿ ಸಿಗುವ .22 ಗುಂಡು ಎರಡೂವರೆ ಗ್ರಾಂ ಚಿಲ್ಲರೆ. 9 ಮಿ.ಮೀ. ಪಿಸ್ತೂಲಿನದು ಏಳೂವರೆ ಗ್ರಾಂ. .45ರದು 15 ಗ್ರಾಂ ಹತ್ತಿರ. ಗುಂಡು ದಪ್ಪ ಆದಷ್ಟೂ, ಭಾರ ಆದಷ್ಟೂ ಮೈಯೊಳಗೆ ಹರಿದುಹೋಗುವ ದಾರಿ ಅಗಲ. ರಕ್ತನಾಳಕ್ಕೋ ಯಕೃತ್ತಿಗೋ ತಗಲುವ ಸಾಧ್ಯತೆ ಜಾಸ್ತಿ. ರಕ್ತ ಸೋರುವುದೂ ಜಾಸ್ತಿ. ಆಂಬುಲೆನ್ಸಿಗೆ, ಸರ್ಜನ್‌ಗೆ ಸಿಗುವ ಸಮಯ ಅಷ್ಟು ಕಡಿಮೆ.

ಈಗ ಚಿಕ್ಕಪ್ಪನ ವಾದಕ್ಕೆ ಬರೋಣ. ಅದು ಹಳೆಯ ವಾದ. 1960ರ ದಶಕದಲ್ಲಿ ಫ್ರಾಂಕ್ಲಿನ್ ಜಿಮ್ರಿಂಗ್ ಎಂಬ ಸಂಶೋಧಕ ಶಿಕಾಗೊ ಪೊಲೀಸರ ಕಡತ ತೆಗೆದು ಇದನ್ನೇ ಪರೀಕ್ಷಿಸಿದರು. ಚಾಕು ಇರಿತಕ್ಕಿಂತ ಗುಂಡಿನ ದಾಳಿಯಲ್ಲಿ ಸಾಯುವವರ ಪ್ರಮಾಣ ಸುಮಾರು ಐದು ಪಟ್ಟು ಇತ್ತು. ಆಗಲೂ ಜನ ಹೇಳಿದ್ದು ಅದೇ: ಬಂದೂಕು ಹಿಡಿದವನಿಗೆ ಕೊಲ್ಲುವ ಹಟ ಜಾಸ್ತಿ ಇರುತ್ತದೆ, ಅದಕ್ಕೆ ಸಾವೂ ಜಾಸ್ತಿ. ಸರಿ, ಹಾಗಾದರೆ ಬಂದೂಕು ಹಿಡಿದವರನ್ನೇ ಒಬ್ಬರಿಗೊಬ್ಬರು ಹೋಲಿಸಿ ನೋಡೋಣ ಅಂತ ಅವರು 1972ರಲ್ಲಿ ಕ್ಯಾಲಿಬರ್ ಲೆಕ್ಕ ಮಾಡಿದರು. .22ಕ್ಕಿಂತ .38ರ ಏಟು ಎರಡು ಪಟ್ಟಿಗೂ ಹೆಚ್ಚು ಮಾರಕ ಅಂತ ಕಂಡಿತು.

ಆಮೇಲೆ ಬಹಳ ವರ್ಷ ಈ ದಾರಿಯಲ್ಲಿ ಹೆಚ್ಚು ಜನ ಹೋಗಲಿಲ್ಲ. 2018ರಲ್ಲಿ ಆಂಥೊನಿ ಬ್ರಾಗಾ ಮತ್ತು ಫಿಲಿಪ್ ಕುಕ್ ಬಾಸ್ಟನ್ ನಗರದ ಕಡತಗಳನ್ನು ಬಿಚ್ಚಿದರು. ನನ್ನ ಮಟ್ಟಿಗೆ ಈ ಪ್ರಶ್ನೆಗೆ ಇರುವ ಅತ್ಯುತ್ತಮ ಉತ್ತರ ಅದು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

2010ರಿಂದ 2014ರವರೆಗೆ, ಐದು ವರ್ಷ. ಗುಂಡೇಟಿನ ಕೊಲೆ 221. ಗುಂಡು ತಗಲಿಯೂ ಬದುಕಿದವರು 1,012. ಅಂದರೆ ನೂರು ಜನರಿಗೆ ಗುಂಡು ತಗಲಿದರೆ ಸುಮಾರು 18 ಜನ ಸಾಯುತ್ತಿದ್ದರು. ಸತ್ತವರ ಕೇಸನ್ನೆಲ್ಲ ತೆಗೆದುಕೊಂಡರು, ಬದುಕಿದವರಲ್ಲಿ 300 ಕೇಸು ಆರಿಸಿಕೊಂಡರು. ಸ್ಥಳದಲ್ಲಿ ಬಿದ್ದ ಖಾಲಿ ತೋಟಾ, ಮೈಯಿಂದ ತೆಗೆದ ಗುಂಡು ಇವುಗಳಿಂದ 367 ಕೇಸಿನಲ್ಲಿ ಕ್ಯಾಲಿಬರ್ ಗೊತ್ತಾಯಿತು. ಅದನ್ನು ಮೂರು ಗುಂಪು ಮಾಡಿದರು. ಚಿಕ್ಕದು: .22, .25, .32. ಮಧ್ಯಮ: .38, .380, 9 ಮಿ.ಮೀ. ದೊಡ್ಡದು: .40, .45, ಹೆಚ್ಚು ಮದ್ದಿನ ಮ್ಯಾಗ್ನಮ್‌ಗಳು ಇತ್ಯಾದಿ.

ಚಿಕ್ಕ ಗುಂಡಿಗೆ ಹೋಲಿಸಿದರೆ ಮಧ್ಯಮ ಗುಂಡಿನಲ್ಲಿ ಸಾವಿನ ಆಡ್ಸ್, ಅಂದರೆ ಸತ್ತವರಿಗೂ ಬದುಕಿದವರಿಗೂ ಇರುವ ಅನುಪಾತ, 2.25 ಪಟ್ಟು. ದೊಡ್ಡದರಲ್ಲಿ 4.54 ಪಟ್ಟು.

"ದೊಡ್ಡ ಪಿಸ್ತೂಲು ಇಟ್ಟುಕೊಳ್ಳುವವನು ಪಕ್ಕಾ ಕೊಲೆಗಾರ, ಅದಕ್ಕೇ" ಅಂತೀರಾ? ಅದನ್ನೂ ಅವರು ನೋಡಿದರು. ಹಟ ಜಾಸ್ತಿ ಇದ್ದರೆ ಹೆಚ್ಚು ಗುಂಡು ಹಾರಿಸಬೇಕು, ತಲೆಗೆ ಗುರಿ ಇಡಬೇಕು ಅಲ್ವಾ? ಹಾಗೆ ಕಾಣಲಿಲ್ಲ. ಎಷ್ಟು ಗಾಯ, ಎಲ್ಲಿ ಗಾಯ, ಯಾವ ಸಂದರ್ಭ, ಇದ್ಯಾವುದಕ್ಕೂ ಕ್ಯಾಲಿಬರ್‌ಗೂ ತಾಳೆ ಇರಲಿಲ್ಲ. ಅದೇ ಬೀದಿಗಳು, ಅದೇ ವಯಸ್ಸಿನ ಹುಡುಗರು, ಅದೇ ಗುಂಪುಗಳ ದ್ವೇಷ. ಕೈಗೆ ಯಾವ ಪಿಸ್ತೂಲು ಸಿಕ್ಕಿತ್ತು ಅನ್ನುವುದು ಮಾತ್ರ ಬೇರೆ.

ಮಧ್ಯಮ, ದೊಡ್ಡ ಪಿಸ್ತೂಲುಗಳ ಬದಲು ಎಲ್ಲರ ಕೈಯಲ್ಲೂ ಚಿಕ್ಕ ಕ್ಯಾಲಿಬರ್ ಇದ್ದಿದ್ದರೆ? ಅವರ ಅಂದಾಜಿನಲ್ಲಿ ಬಾಸ್ಟನ್‌ನ ಗುಂಡೇಟಿನ ಕೊಲೆ 39.5% ಕಡಿಮೆಯಾಗುತ್ತಿತ್ತು. 221ಕ್ಕೆ ಆ ಪ್ರಮಾಣ ಹಿಡಿದರೆ ಸುಮಾರು 87 ಜೀವ. ಒಂದೇ ಒಂದು ಜಗಳ ಕಡಿಮೆಯಾಗದೆ, ಒಂದೇ ಒಂದು ಗುಂಡು ಕಡಿಮೆ ಹಾರದೆ. ಈ ಸಂಖ್ಯೆಯನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಅಮೆರಿಕದಲ್ಲಿ ಬಹಳ ಕಾಲ ಹೋರಾಟ ನಡೆದದ್ದು ಅಗ್ಗದ ಪುಟ್ಟ ಪಿಸ್ತೂಲುಗಳ ವಿರುದ್ಧ. 1968ರ ಕಾಯ್ದೆ ಅವುಗಳ ಆಮದಿಗೆ ತಡೆ ಹಾಕಿತು. ಬಡವರ ಕೈಗೂ ಸಿಗುತ್ತವೆ, ಜೇಬಿನಲ್ಲಿ ಅಡಗುತ್ತವೆ ಅನ್ನುವುದು ಆಕ್ಷೇಪ. ಅವುಗಳಲ್ಲಿ ಎಷ್ಟೋ .22, .25. ಆಮೇಲೆ 1980ರ ದಶಕದಿಂದ ಮಾರುಕಟ್ಟೆಯೇ 9 ಮಿ.ಮೀ. ಕಡೆ ತಿರುಗಿತು. ಪೊಲೀಸರೂ .38 ರಿವಾಲ್ವರ್ ಬಿಟ್ಟು ಅದಕ್ಕೇ ಹೋದರು. ಅಂಗಡಿಯಲ್ಲಿ ಹೊಸದಾಗಿ ಮಾರಾಟವಾದದ್ದು ಕೆಲವು ವರ್ಷದಲ್ಲಿ ಬೀದಿಗೂ ಇಳಿಯಿತು.

ಹಾಗಂತ ಚಿಕ್ಕ ಗುಂಡು ಅಂದರೆ ಆಟಿಕೆ ಅಂತ ಯಾರೂ ತಿಳಿಯಬಾರದು. 1968ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಬರ್ಟ್ ಕೆನಡಿ ಸತ್ತದ್ದು .22 ಗುಂಡಿನಿಂದ. 1981ರಲ್ಲಿ ಅಧ್ಯಕ್ಷ ರೇಗನ್‌ಗೆ ತಗಲಿದ್ದೂ .22. ಅದು ಹೃದಯದಿಂದ ಒಂದು ಇಂಚಿನಷ್ಟು ದೂರದಲ್ಲಿ ನಿಂತಿತು, ಅವರು ಬದುಕಿದರು.

ನಮ್ಮ ನಾಡಿನ ನೋವೂ ಇದೇ ಮಾತು ಹೇಳುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದದ್ದು 7.65 ಮಿ.ಮೀ. ನಾಡ ಪಿಸ್ತೂಲಿನಿಂದ. ಎರಡಕ್ಕೂ ಬಳಸಿದ್ದು ಒಂದೇ ಪಿಸ್ತೂಲು ಅಂತ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. 7.65 ಅಂದರೆ .32. ಬಾಸ್ಟನ್ ಲೆಕ್ಕದಲ್ಲಿ ಅದು ಚಿಕ್ಕ ಗುಂಪಿನದು. ಮನೆ ಬಾಗಿಲಿಗೇ ಬಂದು, ಹತ್ತಿರ ನಿಂತು ಹೊಡೆದರೆ ಅಷ್ಟೇ ಸಾಕಾಗುತ್ತದೆ. ಯೋಜನೆ ಮಾಡಿ ಮಾಡುವ ಕೊಲೆಗೆ ಚಿಕ್ಕಪ್ಪನ ವಾದ ಹೆಚ್ಚುಕಡಿಮೆ ನಿಜ. ಆದರೆ ಬೀದಿಯ ಗುಂಡೇಟು ಬಹುಪಾಲು ಹಾಗಿರುವುದಿಲ್ಲ. ಕತ್ತಲು, ಓಟ, ಸಿಟ್ಟು, ನಡುಗುವ ಕೈ. ಅಲ್ಲಿ ಗುಂಡಿನ ಗಾತ್ರ ಜೀವ ತೆಗೆಯುತ್ತದೆ ಅಥವಾ ಬಿಡುತ್ತದೆ.

ಬರೀ ಅಡ್ಡಳತೆ ನೋಡಿ ಮೋಸ ಹೋಗುವುದೂ ಸುಲಭ. ಎಆರ್-15 ರೈಫಲ್ಲಿನ .223 ಗುಂಡಿನ ದಪ್ಪ .22ರಷ್ಟೇ. ಆದರೆ ಅದರ ಹಿಂದಿರುವ ಮದ್ದು ಬಹಳ ಜಾಸ್ತಿ. ವೇಗ ಎರಡೂವರೆ ಪಟ್ಟು, ಶಕ್ತಿ ಹತ್ತು ಪಟ್ಟಿನ ಆಸುಪಾಸು. ಬಾಸ್ಟನ್ ಲೆಕ್ಕ ಪಿಸ್ತೂಲುಗಳಿಗೆ ಒಪ್ಪುವುದು ಅಲ್ಲಿ ಬಹುತೇಕ ದಾಳಿ ಪಿಸ್ತೂಲಿನಿಂದಲೇ ಆಗುವುದರಿಂದ. ಇಡೀ ಅಮೆರಿಕದ 2019ರ ಎಫ್‌ಬಿಐ ಪಟ್ಟಿಯಲ್ಲಿ ಕೈಬಂದೂಕಿನ ಕೊಲೆ 6,368, ರೈಫಲ್ಲಿನದು 364. ಟಿವಿ ನೋಡಿದರೆ ಉಲ್ಟಾ ಅನ್ನಿಸುತ್ತದೆ.

ಆತ್ಮಹತ್ಯೆಯ ಮಾತು ಬೇರೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತ 48,830 ಜನರಲ್ಲಿ 26,328 ಜನರದು ಆತ್ಮಹತ್ಯೆ. ಅಲ್ಲಿ ಕ್ಯಾಲಿಬರ್ ಬದಲಿಸಿ ಉಳಿಸುವುದು ಹೆಚ್ಚೇನೂ ಇಲ್ಲ. ಬಂದೂಕಿಗೆ ಬೀಗ ಹಾಕುವುದು, ಕಷ್ಟದ ದಿನಗಳಲ್ಲಿ ಅದನ್ನು ಮನೆಯಿಂದ ಹೊರಗಿಡುವುದು, ಪಕ್ಕದಲ್ಲಿ ಒಬ್ಬರು ಕೂರುವುದು, ಇವೇ ಜೀವ ಉಳಿಸುತ್ತವೆ.

"ನಮ್ಮಲ್ಲಿ ಹೇಗೆ?" ಅನ್ನುವುದು ಚಿಕ್ಕಪ್ಪನ ಎರಡನೆಯ ಪ್ರಶ್ನೆ. ನಮ್ಮ ಕಾನೂನು ಮೊದಲಿಂದಲೂ ಬೋರ್, ಅಂದರೆ ನಳಿಗೆಯ ಅಳತೆ ನೋಡುತ್ತದೆ. 9 ಮಿ.ಮೀ. ಪಿಸ್ತೂಲು, .38 ರಿವಾಲ್ವರ್, .303 ರೈಫಲ್ಲು ಪ್ರೊಹಿಬಿಟೆಡ್, ಅಂದರೆ ನಿಷೇಧಿತ ಬೋರ್. ಸಾಮಾನ್ಯರಿಗೆ ಲೈಸೆನ್ಸ್ ಸಿಗುವುದು .32 ರಿವಾಲ್ವರ್, .315 ರೈಫಲ್ಲು, 12 ಬೋರ್ ಕೋವಿ ಇಂಥವಕ್ಕೆ. ಜೀವ ಉಳಿಸಲಿ ಅಂತ ಮಾಡಿದ ನಿಯಮ ಅಲ್ಲ ಇದು. ಸೈನ್ಯದ, ಪೊಲೀಸರ ಮದ್ದುಗುಂಡು ಹೊರಗಿನವರ ಬಂದೂಕಿಗೆ ಹೊಂದಬಾರದು ಅನ್ನುವ ಬ್ರಿಟಿಷರ ಕಾಲದ ಭಯದಿಂದ ಬಂದದ್ದು. ಆದರೂ ಅದರಿಂದ ಲೈಸೆನ್ಸಿನ ಪಿಸ್ತೂಲು, ರಿವಾಲ್ವರುಗಳು ಬಹುಪಾಲು ಚಿಕ್ಕ ಗುಂಪಿನಲ್ಲೇ ಉಳಿದವು. ಲೈಸೆನ್ಸ್ ಇಲ್ಲದ ನಾಡ ಪಿಸ್ತೂಲಿಗೆ ಈ ನಿಯಮ ತಗಲುವುದಿಲ್ಲ ಅನ್ನುವುದು ಬೇರೆ ಸಂಕಟ.

ಅಜ್ಜನ ಹತ್ತಿರ ಒಂದು ಒಂಟಿ ನಳಿಗೆಯ 12 ಬೋರ್ ಕೋವಿ ಇತ್ತು. ಅಡಿಕೆ ತೋಟಕ್ಕೆ ಬರುವ ಮಂಗ ಓಡಿಸಲು ಗಾಳಿಗೆ ಒಂದು ಈಡು ಹೊಡೆಯುತ್ತಿದ್ದರು. ಚುನಾವಣೆ ಬಂದರೆ ಅದನ್ನು ಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಅವರ ಲೈಸೆನ್ಸ್ ಪುಸ್ತಕ ಇನ್ನೂ ನಮ್ಮ ಮನೆಯಲ್ಲಿದೆ. ಕೋವಿಯ ನಂಬರು, ಬೋರ್, ಎಷ್ಟು ತೋಟಾ ಇಟ್ಟುಕೊಳ್ಳಬಹುದು, ಎಲ್ಲ ಶಾಯಿಯಲ್ಲಿ ಬರೆದಿದೆ. ಯಾರನ್ನೂ ಕೊಲ್ಲದ ಕೋವಿಯ ಬೋರ್ ಅಷ್ಟು ಜತನದಿಂದ ಬರೆದಿಟ್ಟವರು ನಾವು. ಆದರೆ ದೇಶದ ಅಪರಾಧ ವರದಿಯಲ್ಲಿ ಗುಂಡೇಟಿನ ಕೊಲೆಯನ್ನು ಲೈಸೆನ್ಸ್ ಇರುವ ಬಂದೂಕು, ಇಲ್ಲದ ಬಂದೂಕು ಅಂತ ವಿಂಗಡಿಸುತ್ತಾರೆ. ನನಗೆ ಬೇಕಿರುವುದು ಅಲ್ಲಿ ಇನ್ನೊಂದು ಕಾಲಂ. ಸತ್ತವರ ಕೇಸಿನಲ್ಲೂ ಬದುಕಿದವರ ಕೇಸಿನಲ್ಲೂ, ಯಾವ ಬೋರ್ ಅಂತ. ಬಾಸ್ಟನ್ನಿನಲ್ಲಿ ಪೊಲೀಸರು ಬದುಕಿದವರ ಕಡತದಲ್ಲೂ ಅದನ್ನು ಬರೆದಿಟ್ಟಿದ್ದರು.