ದೇವರ ಗೂಡಿನ ಕದಗಳು, ಮೂರನೆಯ ಟಿಪ್ಪಣಿ: ಹಳೆಯ ರಂದಾ

ಕದಗಳ ಕೆಲಸ ಹಲಗೆಯ ಹಂತದಲ್ಲಿಯೇ ನಿಂತಿದೆ. ಕೊಪ್ಪಳದ ನಮ್ಮ ಹಳೆಯ ಮನೆಯ ತೊಲೆಯೊಂದರಿಂದ ಸೀಳಿಸಿದ ಸಾಗವಾನಿ ಹಲಗೆಗಳ ಮೇಲೆ ಗರಗಸದ ಗೆರೆಗಳು ಇನ್ನೂ ಹಾಗೆಯೇ ಇವೆ. ಅವನ್ನು ಹೆರೆಯಲು ಉಜ್ಜುಗೊರಡು, ಅಂದರೆ ನಮ್ಮ ಕಡೆಯ ಬಡಿಗೇರರ ಬಾಯಲ್ಲಿ ರಂದಾ, ಬೇಕಾಗಿತ್ತು. ಮರದ್ದೇ ಆಗಬೇಕೆಂಬುದು ನನ್ನ ಹಟ.

ಭಾನುವಾರ ಗಂಗಾವತಿಯ ಗುಜರಿ ಅಂಗಡಿಯೊಂದರಲ್ಲಿ ಎರಡು ರಂದಾಗಳು ಕಣ್ಣಿಗೆ ಬಿದ್ದವು. ಮೊದಲನೆಯದಕ್ಕೆ ಎಣ್ಣೆ ಸವರಿ ಮಿರಮಿರ ಮಿಂಚಿಸಿದ್ದರು. ಅಲಗನ್ನು ಬಿಗಿಹಿಡಿಯುವ ಬೆಣೆ ಕೈಗೆ ಬರಲಿಲ್ಲ. ಗೊರಡಿನ ಹಿಂಬದಿಗೆ ಮರದ ಕೊಡತಿಯಿಂದ ನಾಲ್ಕಾರು ಸಲ ತಟ್ಟಿದ ಮೇಲೆ ಸಡಿಲಾಯಿತು. ಆದರೆ ಅಲಗು ಮಾತ್ರ ಗೊರಡಿನ ಎರಡೂ ಕೆನ್ನೆಗಳ, ಅಂದರೆ ಪಕ್ಕದ ಗೋಡೆಗಳ, ನಡುವೆ ಸಿಕ್ಕಿಕೊಂಡಂತೆಯೇ ಇತ್ತು. ಅದನ್ನು ಎಳೆದು ತೆಗೆದು ಬೆಳಕಿಗೆ ಹಿಡಿದಾಗ, ಬೆಣೆ ಕೂರುವ ತೋಡಿನ ಮೂಲೆಯಿಂದ ಕೂದಲೆಳೆಯಂಥ ಸೀಳೊಂದು ಕೆಳಗಿಳಿದದ್ದು ಕಾಣಿಸಿತು. ನಮ್ಮ ಬೇಸಿಗೆಯ ಒಣ ಹವೆಯಲ್ಲಿ ಮರ ಅಡ್ಡಲಾಗಿ ಕುಗ್ಗುತ್ತದೆ, ಒಳಗಿನ ಅಲಗು ಕುಗ್ಗುವುದಿಲ್ಲ. ಅಕ್ಕಪಕ್ಕ ಒಂದಿಷ್ಟು ಸಡಿಲು ಬಿಡದೆ ಕೂರಿಸಿದ ಅಲಗು ಮರವನ್ನು ಒಳಗಿನಿಂದಲೇ ಸೀಳುತ್ತದೆ. ‘ಅಂಟು ಹಾಕಿದರೆ ಕೂಡುತ್ತದೆ’ ಎಂದು ಅಂಗಡಿಯಾತ ಹೇಳಿದರೂ, ಬೆಣೆಯ ಒತ್ತಡವೆಲ್ಲ ಬೀಳುವುದು ಸರಿಯಾಗಿ ಆ ಜಾಗದ ಮೇಲೆಯೇ ಆದ್ದರಿಂದ ನಾನು ಅದನ್ನು ಹಿಂದಿರುಗಿಸಿದೆ.

ಎರಡನೆಯದು ನೋಡಲು ದರಿದ್ರ. ಹದಿನಾಲ್ಕು ಅಂಗುಲದ ಗೊರಡಿನ ತುಂಬ ಬಣ್ಣದ ಕಲೆಗಳು, ತಳದ ನಡುವೆ ಸವೆತ, ತಳದಲ್ಲಿ ಅಲಗು ಹೊರಚಾಚುವ ಬಾಯಿ ನಾಲ್ಕು ಮಿಲಿಮೀಟರಿನಷ್ಟು ಅಗಲ. ಪಕ್ಕದಲ್ಲಿ ನಾಲ್ಕೈದು ಹುಳದ ತೂತುಗಳಿದ್ದವು. ಹಳೆಯ ಪತ್ರಿಕೆಯ ಮೇಲೆ ಕುಟ್ಟಿ ನೋಡಿದಾಗ ಹೊಸ ಹಿಟ್ಟು ಉದುರದ ಕಾರಣ ಆ ಚಿಂತೆ ಬಿಟ್ಟೆ. ಕೆನ್ನೆಗಳು ಗಟ್ಟಿಯಾಗಿದ್ದವು.

ಹೆಚ್ಚು ಹೊತ್ತು ಕಳೆದದ್ದು ಎರಡಂಗುಲದ ಅಲಗಿನ ಮೇಲೆ. ಸಾಣೆ ಹಿಡಿದ ಓರೆಯನ್ನು ಉಗುಳು ಹಚ್ಚಿ ಉಜ್ಜಿದಾಗ ಅಡ್ಡಲಾಗಿ ಒಂದು ಗೆರೆ ಮೂಡಿತು: ಒಂದು ಕಡೆ ಹೊಳೆಯುವ ತೆಳುವಾದ ಉಕ್ಕು, ಇನ್ನೊಂದು ಕಡೆ ಮಂಕಾದ ಮೆದು ಕಬ್ಬಿಣ. ಹಿಂದೆ ಕಮ್ಮಾರರು ಬೆಸೆದು ಮಾಡುತ್ತಿದ್ದ ಇಂಥ ಅಲಗಿನಲ್ಲಿ ಉಕ್ಕು ಇರುವಷ್ಟು ದಿನ ಮಾತ್ರ ಬಾಳಿಕೆ. ಇದರಲ್ಲಿ ಇನ್ನೂ ಒಂದಂಗುಲಕ್ಕಿಂತ ಹೆಚ್ಚು ಉಳಿದಿತ್ತು. ಚಪ್ಪಟೆ ಬದಿಯ ತುಕ್ಕನ್ನು ಉಗುರಿನಿಂದ ಕೆರೆದೆ. ಮೇಲುಗಡೆ ಗುಳಿಗಳಿದ್ದರೂ ಕೊಯ್ಯುವ ಅಂಚಿನ ಬಳಿ ನಯವಾಗಿತ್ತು. ಅಂಚಿಗೇ ಗುಳಿ ಬಿದ್ದಿದ್ದರೆ ಎಷ್ಟು ಮಸೆದರೂ ಹಲ್ಲುಹಲ್ಲಾದ ಅಲಗೇ ಗತಿ. ಒಂದು ಮೂಲೆಯಲ್ಲಿ ಮಾತ್ರ ನೀಲಿ ಛಾಯೆಯಿತ್ತು. ಯಾರೋ ಯಂತ್ರದ ಸಾಣೆಗೆ ಒತ್ತಿಹಿಡಿದು ಕಾಯಿಸಿ ಉಕ್ಕಿನ ಹದ ಕೆಡಿಸಿದ್ದರು. ಅದು ಮೂರು ಮಿಲಿಮೀಟರಿಗಿಂತ ಒಳಗೆ ಹೋಗಿರಲಿಲ್ಲವಾದ್ದರಿಂದ ಮಸೆದು ದಾಟಬಹುದು.

ಬಳಿಕ ಅಲಗನ್ನು ಮತ್ತೆ ಇಟ್ಟು, ಬೆಣೆಯನ್ನು ಹೆಬ್ಬೆರಳಿನಿಂದಷ್ಟೇ ಒತ್ತಿ, ಗೊರಡನ್ನು ಆಕಾಶಕ್ಕೆ ಹಿಡಿದು ಅಲಗಿನ ಬೆನ್ನ ಕೆಳಗೆ ಬೆಳಕು ನುಸುಳುತ್ತದೆಯೇ ಎಂದು ನೋಡಿದೆ. ನುಸುಳಲಿಲ್ಲ. ಮೂಲೆಗಳನ್ನು ಒತ್ತಿದರೂ ಅಲುಗಾಟವಿರಲಿಲ್ಲ. ಬೆನ್ನು ಒರಗುವ ಈ ಜಾಗ ಸರಿಯಿಲ್ಲದಿದ್ದರೆ ಅಲಗು ಹೆರೆಯುವಾಗ ನಡುಗಿ ಹಲಗೆಯ ಮೇಲೆ ಅಲೆ ಮೂಡಿಸುತ್ತದೆ. ತಳದ ಎರಡು ತುದಿಗಳಲ್ಲಿ ಅಡಿಕೋಲುಗಳನ್ನಿಟ್ಟು ಒಂದರ ಮೇಲೊಂದು ಕಣ್ಣು ಹಾಯಿಸಿದಾಗ ತುಸು ತಿರುಚು ಕಂಡಿತು, ಅದು ಹೆರೆದರೆ ಹೋಗುವಂಥದ್ದು.

ಬಾಯಿಯ ಅಗಲವೂ ತಳದ ಸವೆತದಿಂದಲೇ ಬಂದದ್ದು. ಬಾಯಿಯಿಂದ ಮೇಲಕ್ಕೆ ಸಂದು ಅಗಲವಾಗುತ್ತ ಹೋಗುವುದರಿಂದ, ತಳವನ್ನು ಸಮ ಮಾಡಿದಾಗಲೆಲ್ಲ ಬಾಯಿ ಇನ್ನಷ್ಟು ತೆರೆಯುತ್ತದೆ. ಬಾಯಿ ಕಿರಿದಾಗಿದ್ದರೆ ಅದರ ಮುಂದಿನ ಅಂಚು ಮರದ ಎಳೆಗಳನ್ನು ಅಲಗು ಕತ್ತರಿಸುವವರೆಗೂ ಅದುಮಿ ಹಿಡಿಯುತ್ತದೆ. ಎಳೆ ತಿರುಗುಮುರುಗಾಗಿರುವ ನನ್ನ ಹಲಗೆಗಳಿಗೆ ಅದು ಬೇಕೇ ಬೇಕು. ಆದರೂ ತೇಪೆ ಕೂರಿಸಿ ಕಿರಿದು ಮಾಡಬಹುದಾದ ದೋಷವಿದು ಎಂಬ ಲೆಕ್ಕದಲ್ಲಿ, ಆರುನೂರು ಎಂದವರನ್ನು ನಾನೂರೈವತ್ತಕ್ಕೆ ಇಳಿಸಿ ಕೊಂಡೆ.

ಈಗ ಅಲಗನ್ನು ಬಿಚ್ಚಿ, ಗೊರಡನ್ನು ಬಿಸಿಲು ತಾಗದ ಒಳಕೋಣೆಯಲ್ಲಿ ಇಟ್ಟಿದ್ದೇನೆ. ಹತ್ತು ದಿನ ಇಲ್ಲಿನ ಹವೆಗೆ ಒಗ್ಗಿದ ಮೇಲೆ ತಳ ಸಮ ಮಾಡಿ, ಎತ್ತಿ ಇಟ್ಟಿರುವ ಜಾಲಿಯ ತುಂಡಿನಿಂದ ಬಾಯಿಗೆ ತೇಪೆ ಕತ್ತರಿಸಬೇಕು.