ಸಂಜೆ ಏಳರ ಹಲ್ಲು

ಹತ್ತು ವಾರದ ನಾಯಿಮರಿ ಇರುವ ಬೆಂಗಳೂರಿನ ಮನೆಯಲ್ಲಿ ಕಚ್ಚಾಟ ತಾರಕಕ್ಕೇರುವುದು ಸಂಜೆ ಏಳರ ಹೊತ್ತಿಗೆ. ಆಫೀಸಿನವರು ಆಗಷ್ಟೇ ಬಂದಿರುತ್ತಾರೆ, ಮಕ್ಕಳ ಟ್ಯೂಷನ್ ಮುಗಿದಿರುತ್ತದೆ, ಕುಕ್ಕರ್ ಕೂಗುತ್ತಿರುತ್ತದೆ. ಮರಿ ಅಜ್ಜಿಯ ಸೀರೆ ನೆರಿಗೆಗೆ ಜೋತುಬಿದ್ದಿರುತ್ತದೆ. ಬಿಡಿಸಲು ಹೋದವರ ಕೈಗೂ ಸೂಜಿಯಂಥ ಹಲ್ಲು. "ಏ ಬಿಡೋ, ಬಿಡೋ!" ಎಂದು ಕೂಗಿದಷ್ಟೂ ಅದಕ್ಕೆ ಹಬ್ಬ.

ಆವತ್ತಿನ ನಿದ್ದೆಯ ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಹಾಲಿನವರು ಬಂದಾಗ ಎಚ್ಚರ, ಕಸದ ಗಾಡಿಯ ಹಾಡಿಗೆ ಎಚ್ಚರ, ಕೊರಿಯರ್ ಬೆಲ್ಲಿಗೆ ಎಚ್ಚರ. ಈ ವಯಸ್ಸಿನ ಮರಿಗೆ ದಿನಕ್ಕೆ ಸುಮಾರು 18ರಿಂದ 20 ಗಂಟೆ ನಿದ್ದೆ ಬೇಕು. ಸಂಜೆಯ ಕಚ್ಚಾಟದಲ್ಲಿ ಮುಕ್ಕಾಲು ಪಾಲು ನಿದ್ದೆಗೆಟ್ಟ ಕೂಸಿನ ರಂಪವೇ. ಹಾಗಾಗಿ ಕಲಿಸುವುದಕ್ಕಿಂತ ಮೊದಲು ಮಲಗಿಸಬೇಕು: ಒಂದು ಗಂಟೆ ಆಟ, ಒಂದೂವರೆ ಎರಡು ಗಂಟೆ ನಿದ್ದೆ. ಬೀದಿ ಬಾಗಿಲಿಂದ ದೂರದ ಕೋಣೆ, ಪರದೆ ಎಳೆದು ಫ್ಯಾನು ಹಾಕಿದರೆ ಸಾಕು. ಫ್ಯಾನಿನ ಸದ್ದು ಬೀದಿಯ ಸದ್ದನ್ನು ನುಂಗುತ್ತದೆ.

ಇನ್ನು ಹಲ್ಲು ತಾಗಿದ ಆ ಗಳಿಗೆ. ಕೈ ಎಳೆದುಕೊಳ್ಳಬೇಡಿ, ಓಡುವ ಕೈ ಅದಕ್ಕೆ ಬೇಟೆ, ಎಳೆದಾಗಲೇ ಚರ್ಮ ಹರಿಯುವುದು. ಕೈ ಸತ್ತಂತೆ ನಿಲ್ಲಲಿ. ಒಂದೇ ಸಲ, ತಗ್ಗಿದ ದನಿಯಲ್ಲಿ "ಸಾಕು" ಎಂದು ಎದ್ದು, ಅಡ್ಡ ಗೇಟಿನ ಆಚೆ 20–30 ಸೆಕೆಂಡು ನಿಲ್ಲಿ. ಐದು ನಿಮಿಷ ಬಿಟ್ಟು ಬಂದರೆ ಯಾಕೆ ಹೋದಿರಿ ಎಂಬುದೇ ಅದಕ್ಕೆ ಮರೆತಿರುತ್ತದೆ. ವಾಪಸ್ ಬಂದು ಹಗ್ಗದ ಆಟಿಕೆ ಕೊಡಿ. ಹಗ್ಗ ಎರಡಡಿಯಾದರೂ ಇರಲಿ. ಗೇಣುದ್ದದ್ದಾದರೆ ಹಲ್ಲು ಮತ್ತೆ ಬೆರಳಿಗೇ ಬರುತ್ತದೆ. ಸತತ ಮೂರು ಸಲ ಕಚ್ಚಿತೋ, ಪಾಠ ನಿಲ್ಲಿಸಿ ಮಲಗಿಸಿ.

"ಆಯ್" ಎಂದು ಚೀರುವ ಉಪಾಯಕ್ಕೆ ಕೆಲವು ಮರಿ ಬಿಡುತ್ತವೆ, ಕೆಲವು ಇನ್ನಷ್ಟು ಕೆರಳುತ್ತವೆ. ಎರಡು ಸಲ ಕೆರಳಿದರೆ ಆ ಉಪಾಯ ಬಿಟ್ಟುಬಿಡಿ. ಮೂತಿ ಅದುಮುವುದು, ಮೂಗಿಗೆ ತಟ್ಟುವುದು ಮಾತ್ರ ಬೇಡವೇ ಬೇಡ. ಮುಖದ ಹತ್ತಿರ ಬರುವ ಕೈ ಎಂದರೆ ಭಯ ಎಂದು ಕಲಿತ ನಾಯಿ ದೊಡ್ಡದಾದ ಮೇಲೆ ಡಾಕ್ಟರಿಗೆ ಬಾಯಿ ತೋರಿಸುವುದಿಲ್ಲ. ಇಷ್ಟೆಲ್ಲ ಮಾಡಿದರೂ ಮನೆಗೊಬ್ಬ ಮಾವ ಇರುತ್ತಾರೆ, "ಪಾಪ, ಚಿಕ್ಕದು" ಎಂದು ಬರಿಗೈಯಲ್ಲೇ ಕುಸ್ತಿ ಆಡಿಸುವವರು. ವಾರದ ಕೆಲಸ ಅಲ್ಲಿಗೆ ಮಣ್ಣು. ಮರಿಗಿಂತ ಮೊದಲು ಅವರಿಗೆ ಹೇಳಿ.

ಬೇಗ ತಾಯಿಯಿಂದ ಬೇರಾದ ಮರಿಗೆ ಈ ಪಾಠ ಹತ್ತುವುದು ಇನ್ನೂ ನಿಧಾನ. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಅಂದಾಜು ಒಡಹುಟ್ಟಿದ ಮರಿಗಳ ಜೊತೆ ಕಾದಾಡುತ್ತಲೇ ಬರಬೇಕು. ನಾಯಿ ಸಾಕಣೆ, ಮಾರಾಟದ ಬಗೆಗಿನ 2017ರ ಕೇಂದ್ರ ನಿಯಮದಂತೆ ಎಂಟು ವಾರದೊಳಗಿನ ಮರಿಯನ್ನು ಬ್ರೀಡರ್‌ಗಳು ಮಾರುವಂತಿಲ್ಲ. "45 ದಿನ ಆಗಿದೆ, ತಗೊಂಡ್ಹೋಗಿ" ಎನ್ನುವವರಿಗೆ ಬೆನ್ನು ತೋರಿಸಿ.

28 ಹಾಲುಹಲ್ಲು ನಾಲ್ಕನೇ ತಿಂಗಳ ಹೊತ್ತಿಗೆ ಬೀಳತೊಡಗುತ್ತವೆ. ಏಳು ತಿಂಗಳೊಳಗೆ ಆ ಜಾಗದಲ್ಲಿ 42. ವಸಡು ನವೆಯೇಳುವ ಈ ದಿನಗಳಿಗೆ ಹಳೇ ಟವೆಲ್ ಒದ್ದೆ ಮಾಡಿ, ಹಿಂಡಿ, ತಿರುಚಿ, ಗಂಟು ಹಾಕಿ ಮೂರು ಗಂಟೆ ಫ್ರೀಜರಿನಲ್ಲಿಡಿ. ಕಣ್ಣೆದುರೇ ಜಗಿಯಲಿ, ನೂಲು ಕಿತ್ತು ನುಂಗಿದರೆ ಕಷ್ಟ. ಬೇಯಿಸಿದ ಕೋಳಿ ಮೂಳೆ ಕೊಡಬೇಡಿ, ಚೂಪಾಗಿ ಸೀಳಿ ಹೊಟ್ಟೆಗೆ ಚುಚ್ಚುತ್ತದೆ.

ಆಟದಲ್ಲೇ ಆದರೂ ರಕ್ತ ಬಂದರೆ "ಮನೇದೇ ಮರಿ ಅಲ್ವಾ" ಎನ್ನಬೇಡಿ. ರೇಬೀಸ್ ಲಸಿಕೆ ಮರಿಗೆ ಹಾಕುವುದೇ ಮೂರು ತಿಂಗಳಿಗೆ. ಅರಿಶಿನ, ಕಾಫಿಪುಡಿ ಮೆತ್ತದೆ, ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಡಾಕ್ಟರ ಹತ್ತಿರ ಹೋಗಿ.

ಹಲ್ಲು ಬದಲಾಗಿ ಕಚ್ಚಾಟ ನಿಲ್ಲುವವರೆಗೆ ಅಜ್ಜಿ ಏಳು ಗಂಟೆಗೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡೇ ಅಡುಗೆಮನೆಗೆ ಹೋಗಲಿ. ಅಲ್ಲಾಡದ ನೆರಿಗೆಯ ಮೇಲೆ ಮರಿಗೆ ಆಸೆಯಿಲ್ಲ.