ಅಮ್ಮನ ಮೊಣಗಂಟು ಮತ್ತು ಮೂರು ತಿಂಗಳ ಮದ್ದು

ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ದಿನಗಳು ಬಂದವೆಂದರೆ ಅಮ್ಮ ಇಡೀ ಹಗಲು ಜಗಲಿಯಲ್ಲಿ ಕಾಲು ಮಡಚಿ ಕುಳಿತಿರುತ್ತಾಳೆ. ಸಂಜೆ ಏಳುವಾಗ ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈ ಬಲ ಮೊಣಗಂಟಿನ ಮೇಲೆ. ಎಂಟು ವರ್ಷ ಅವಳು ನೋವಿನ ಮಾತ್ರೆ ನುಂಗಿದಳು. ನೋವಿರುವುದು ಅಂಗೈಯಗಲದ ಜಾಗದಲ್ಲಿ, ಮದ್ದು ಸುತ್ತುವುದು ಇಡೀ ಮೈಯನ್ನು. ಹೊಟ್ಟೆಯುರಿ ಬಂತು, ರಕ್ತದೊತ್ತಡ ಏರಿತು, ಕೊನೆಗೆ ಮೂತ್ರಪಿಂಡದ ಮೇಲಿನ ಚಿಂತೆಯಿಂದ ವೈದ್ಯರು ಮಾತ್ರೆಯನ್ನೇ ನಿಲ್ಲಿಸಿದರು.

ಆಮೇಲೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಗಂಟಿಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಐದು ವಾರ ಅಮ್ಮ ಹಗುರವಾಗಿ ನಡೆದಳು. ಆದರೆ ಮೊದಲ ಮೂರು ದಿನ ಅವಳ ಸಕ್ಕರೆ ವಿಪರೀತ ಏರಿತ್ತು. ಹಾಗಾಗಬಹುದೆಂದು ನಮಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ.

ಗಂಟಿಗೇ ಚುಚ್ಚಿದ ಮದ್ದು ಅಲ್ಲಿ ಏಕೆ ನಿಲ್ಲುವುದಿಲ್ಲ? ಆರೋಗ್ಯವಂತ ಮೊಣಗಂಟಿನಲ್ಲಿರುವ ದ್ರವ ಕೆಲವೇ ಮಿಲಿಲೀಟರ್. ಕೀಲಿನ ಒಳಪೊರೆಯಲ್ಲಿರುವ ರಕ್ತನಾಳಗಳೂ ದುಗ್ಧನಾಳಗಳೂ ಅದರಲ್ಲಿ ಕರಗಿದ ಸಣ್ಣ ಅಣುಗಳನ್ನು ಗಂಟೆಗಳೊಳಗೆ ಹೊರಗೆ ಒಯ್ಯುತ್ತವೆ. ಆದ್ದರಿಂದಲೇ ಮದ್ದನ್ನು ಪಿಎಲ್‌ಜಿಎ ಎಂಬ ಪಾಲಿಮರ್‌ನ ಅತಿಸೂಕ್ಷ್ಮ ಗೋಲಿಗಳಲ್ಲಿ ಅಡಗಿಸುವ ವಿಧಾನ ಬಂತು. ಮೈಯೊಳಗೆ ತಾನಾಗಿ ಕರಗುವ ಹೊಲಿಗೆದಾರಗಳೂ ಇದೇ ಜಾತಿಯ ವಸ್ತುವಿನವು. ನೀರಿನ ಅಂಶ ತಾಗಿ ಗೋಲಿ ಮೆಲ್ಲಮೆಲ್ಲನೆ ಸವೆಯುತ್ತಾ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಾಗಿ ಒಡೆಯುತ್ತದೆ, ಒಳಗಿನ ಸ್ಟೀರಾಯ್ಡ್ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ಹೀಗೆ 32 ಮಿಲಿಗ್ರಾಂ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಹೊತ್ತ ಜಿಲ್ರೆಟ್ಟಾ ಎಂಬ ಇಂಜೆಕ್ಷನ್ನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಅಕ್ಟೋಬರಿನಲ್ಲಿ ಮೊಣಗಂಟಿನ ಸವೆತದ ನೋವಿಗಾಗಿ ಒಪ್ಪಿಗೆ ಕೊಟ್ಟಿತು. ಮಧುಮೇಹಿಗಳಲ್ಲಿ ನಡೆಸಿದ ಒಂದು ಸಣ್ಣ ಅಧ್ಯಯನದಲ್ಲಿ, ಮಾಮೂಲಿ ಇಂಜೆಕ್ಷನ್ನಿಗಿಂತ ಇದರಿಂದ ಸಕ್ಕರೆ ಕಡಿಮೆ ಏರಿತ್ತೆಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು.

ಆದರೆ ಇದರ ಪ್ರಮುಖ ಪರೀಕ್ಷೆಯಲ್ಲಿ 12ನೆಯ ವಾರಕ್ಕೆ, ಅಂದರೆ ಸುಮಾರು ಮೂರು ತಿಂಗಳಿಗೆ, ಬರಿಯ ಉಪ್ಪುನೀರಿಗಿಂತ ಪ್ರಯೋಜನ ಹೆಚ್ಚೆಂದು ತೋರಿತೇ ಹೊರತು, ಹಳೆಯ ಸ್ಟೀರಾಯ್ಡಿಗಿಂತ ನೋವು ಇನ್ನಷ್ಟು ತಗ್ಗಿತೆಂದು ಸ್ಪಷ್ಟವಾಗಲಿಲ್ಲ. ಅದೇ 2017ರಲ್ಲಿ ಪ್ರಕಟವಾದ ಬೇರೊಂದು ಅಧ್ಯಯನದಲ್ಲಿ 140 ಮಂದಿಗೆ ಎರಡು ವರ್ಷ, ಪ್ರತಿ 12 ವಾರಕ್ಕೊಮ್ಮೆ, ಮಾಮೂಲಿ ಟ್ರಯಾಮ್ಸಿನೋಲೋನ್ ಅಥವಾ ಉಪ್ಪುನೀರು ಚುಚ್ಚಿ ನೋಡಿದಾಗ, ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಪದರ) ಹೆಚ್ಚು ಸವೆದಿತ್ತು. ನೋವಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಸೊಂಟನೋವಿಗೆ ಸ್ಟೀರಾಯ್ಡ್ ಚುಚ್ಚಿಸುವುದಾದರಂತೂ ಇನ್ನೂ ಎಚ್ಚರ ಬೇಕು. ಬೆನ್ನುಹುರಿಯ ಸುತ್ತಲಿನ ಜಾಗಕ್ಕೆ ಕೊಡುವ ಸ್ಟೀರಾಯ್ಡಿನಿಂದ ಅಪರೂಪಕ್ಕೆ ಪಾರ್ಶ್ವವಾಯು, ದೃಷ್ಟಿನಾಶದಂಥ ಗಂಭೀರ ತೊಂದರೆಗಳಾಗಬಹುದೆಂದು ಎಫ್‌ಡಿಎ 2014ರಲ್ಲಿ ಎಚ್ಚರಿಸಿದೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದಾಗ ಅವಳು ಕೇಳಿದ್ದು ಒಂದೇ: “ಆ ಮೂರು ತಿಂಗಳು ಅಡಿಕೆ ಸುಲಿಯುವ ಸಮಯಕ್ಕೆ ಸರಿಯಾಗಿ ಬರುವ ಹಾಗೆ ಮಾಡಲಿಕ್ಕೆ ಆಗುತ್ತದಾ ಮಗಾ?” ನೋವು ತಿಳಿಯದಿದ್ದರೆ ಅವಳು ಇನ್ನೂ ಹೆಚ್ಚು ಹೊತ್ತು ಮಡಚಿ ಕುಳಿತಾಳೆಂಬ ಹೆದರಿಕೆ ನನ್ನದು. ಆಚಾರಿಯವರಿಗೆ ಹೇಳಿ ಮೊಣಗಂಟಿನೆತ್ತರದ ಒಂದು ಸ್ಟೂಲು ಮಾಡಿಸಿದ್ದೇನೆ. ಸದ್ಯಕ್ಕೆ ಅವಳು ಅದರ ಮೇಲೆ ಅಡಿಕೆಯ ಬುಟ್ಟಿ ಇಟ್ಟುಕೊಂಡಿದ್ದಾಳೆ.